ಅಕ್ಕತಂಗಿಯರ ಒಂದು ಸಹಿ

ಸ್ತ್ರೀ ಸಮಾನತೆಯ ವಿಷಯ ಬಂದರೆ ಪುಣೆಯಲ್ಲಿರುವ ನಮಗೆ ಸ್ವಲ್ಪ ಹೆಮ್ಮೆಯೇ. 1848ರಲ್ಲಿ ಫುಲೆ ದಂಪತಿಗಳು ಇಲ್ಲಿನ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮಹರ್ಷಿ ಕರ್ವೆಯವರು 1916ರಲ್ಲಿ ಮಹಿಳೆಯರಿಗಾಗಿಯೇ ವಿಶ್ವವಿದ್ಯಾಲಯ ಕಟ್ಟಿದರು. ಇಲ್ಲಿಗೆ ಬಂದು ನೆಲೆನಿಂತ ನಾವು ಕನ್ನಡಿಗರೂ ಹೆಣ್ಣುಮಕ್ಕಳನ್ನು ಓದಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಕಾತ್ರಜದ ಯಾವ ಸೊಸೈಟಿಗೆ ಹೋದರೂ ಇಂಜಿನಿಯರ್ ಆದ ಕನ್ನಡದ ಹುಡುಗಿ ಸಿಗುತ್ತಾಳೆ.

ಆದರೆ ಊರಲ್ಲಿ ಹೊಲ-ಮನೆ ಪಾಲಾಗುವ ದಿನ ಈ ಸಮಾನತೆ ಎಲ್ಲಿಗೆ ಹೋಗುತ್ತದೆ?

ಆ ದಿನ ಏನಾಗುತ್ತದೆ ಅಂತ ನಿಮಗೂ ಗೊತ್ತು. ಅಣ್ಣನಿಂದ ಫೋನ್ ಬರುತ್ತದೆ, "ಒಂದು ಸಹಿ ಬೇಕಾಗಿದೆ, ಬಂದು ಹೋಗವ್ವ". ಪುಣೆಯಿಂದ ತಂಗಿ ರಾತ್ರಿ ಬಸ್ಸು ಹಿಡಿದು ಹೋಗುತ್ತಾಳೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮೊದಲೇ ಟೈಪಾಗಿ ಕುಳಿತಿರುತ್ತದೆ. ಸಹಿ ಆಯಿತು, ಉಡಿ ತುಂಬಿದರು, ಒಂದು ಸೀರೆ ಕೊಟ್ಟರು, ಮುಗಿಯಿತು. ಇಲ್ಲೇ ಮರಾಠಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಅನೇಕರಿಗೆ ಆ ಪತ್ರದ ಕನ್ನಡವನ್ನು ಓದಲೂ ಬರುವುದಿಲ್ಲ!

ಕಾನೂನು ಏನು ಹೇಳುತ್ತದೆ ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಕಾಯಿದೆ ಮಾಡಿತ್ತು. 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟವು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟವು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ಬಿಡುಗಡೆ ಪತ್ರದಲ್ಲಿ ತಂಗಿ ಬಿಟ್ಟುಕೊಡುತ್ತಿರುವುದು ಅಣ್ಣನ ಆಸ್ತಿಯನ್ನಲ್ಲ, ತನ್ನದೇ ಪಾಲನ್ನು.

ಬ್ಯಾಂಕಿನಲ್ಲಿ ಕುಳಿತವರಿಗೆ ಇದರ ಪರಿಣಾಮ ಬೇಗ ಕಾಣುತ್ತದೆ. ಸ್ವಂತ ಉದ್ಯೋಗಕ್ಕೆ ದೊಡ್ಡ ಸಾಲ ಕೇಳಿ ಬರುವ ಹೆಣ್ಣುಮಗಳ ಹತ್ತಿರ ಅಡಮಾನಕ್ಕೆ ಏನಿರುತ್ತದೆ? ಹೆಚ್ಚೆಂದರೆ ಮೈಮೇಲಿನ ಬಂಗಾರ. ಅದೂ ಎಷ್ಟೋ ಸಲ ಗಂಡನ ಕಷ್ಟಕ್ಕೆ ಆಗಲೇ ಅಡವಾಗಿರುತ್ತದೆ. ಈಗ ಸರ್ಕಾರಗಳು ಗೃಹಲಕ್ಷ್ಮಿ, ಲಾಡಕಿ ಬಹೀಣ್ ಅಂತ ನೇರವಾಗಿ ಅವಳ ಖಾತೆಗೇ ಹಣ ಹಾಕುವ ಯೋಜನೆ ತಂದಿವೆ. ಒಳ್ಳೆಯದೇ. ಆದರೆ ಸರ್ಕಾರ ಸಾವಿರ, ಎರಡು ಸಾವಿರ ಕೊಟ್ಟರೆ, ಮನೆಯವರು ಒಂದೇ ಸಹಿಯಲ್ಲಿ ಅದರ ನೂರಾರು ಪಟ್ಟು ಬಿಡಿಸಿಕೊಳ್ಳುತ್ತೇವಲ್ಲ!

"ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ" ಎನ್ನುವವರಿದ್ದಾರೆ. ಆ ಖರ್ಚಿನಲ್ಲಿ ಅವಳ ಹೆಸರಿಗೆ ಉಳಿದದ್ದು ಎಷ್ಟು? ಊಟ ಮಾಡಿದವರು ಬೀಗರು, ವರದಕ್ಷಿಣೆ ತೆಗೆದುಕೊಂಡವರು ಅವರೇ. ಅದಂತೂ 1961ರಿಂದಲೇ ಅಪರಾಧ. "ಅಪ್ಪ-ಅವ್ವನನ್ನು ನೋಡಿಕೊಳ್ಳುವವರು ಗಂಡುಮಕ್ಕಳು" ಎನ್ನುವುದು ಇನ್ನೊಂದು ಮಾತು. ಹಿರಿಯರ ಪೋಷಣೆಯ 2007ರ ಕಾಯಿದೆ ಆ ಹೊಣೆಯನ್ನು ಮಗ, ಮಗಳು ಇಬ್ಬರ ಮೇಲೂ ಹೊರಿಸಿದೆ. ಹೊಣೆ ಸಮ ಆದಮೇಲೆ ಪಾಲು ಯಾಕೆ ಸಮ ಅಲ್ಲ?

ಅಸಲಿ ಕಾರಣ ಬೇರೆಯೇ ಇದೆ. ಪಾಲು ಕೇಳಿದರೆ ತವರು ತಪ್ಪಿಹೋದೀತು ಎಂಬ ಭಯ. ಪಂಚಮಿಗೆ ಕರೆಯಲು ಯಾರೂ ಬರಲಿಕ್ಕಿಲ್ಲ ಎಂಬ ಅಳುಕು. ಈ ಭಯಕ್ಕೇ ನಾವು "ನಮ್ಮ ತಂಗಿ ಬಂಗಾರದಂಥ ಮನಸ್ಸಿನವಳು" ಅಂತ ಹೆಸರಿಟ್ಟಿದ್ದೇವೆ.

ಅಕ್ಕತಂಗಿಯರು ಪ್ರೀತಿಯಿಂದ ಬಿಟ್ಟುಕೊಡಬಾರದು ಅಂತ ನಾನು ಹೇಳುವುದಿಲ್ಲ. ಊರಲ್ಲೇ ಉಳಿದು ಹೊಲದಲ್ಲಿ ದುಡಿದ ಅಣ್ಣನಿಗೆ ಎಲ್ಲವನ್ನೂ ಬಿಡಬಹುದು, ಅದು ಅವಳ ಇಷ್ಟ. ಆದರೆ ತಿಳಿದು ಬಿಡಲಿ. ಪತ್ರ ಟೈಪಾಗುವ ಮೊದಲೇ ಅವಳಿಗೆ ಹೇಳಬೇಕು. ಎಕರೆಗೆ ಈಗಿನ ಬೆಲೆ ಎಷ್ಟು, ಅವಳ ಪಾಲು ಎಷ್ಟು ಅಂತ ಕಾಗದದ ಮೇಲೆ ಬರೆದು ತೋರಿಸಬೇಕು. ಅವಳಿಗೆ ಬರುವ ಭಾಷೆಯಲ್ಲಿ ಪತ್ರವನ್ನು ಓದಿ ಹೇಳಬೇಕು. ಯೋಚಿಸಲು ಸಮಯ ಕೊಡಬೇಕು. ಸಾಲಗಾರನಿಗೆ ಬ್ಯಾಂಕು ಇಷ್ಟು ಮಾಡುತ್ತದೆ, ಒಡಹುಟ್ಟಿದವಳಿಗೆ ನಾವು ಮಾಡಲಾರೆವೇ?

ಈ ಮಾತನ್ನು ಎತ್ತಬೇಕಾದವಳು ಅವಳಲ್ಲ. ಅವಳು ಎತ್ತಿದರೆ ಆಸೆಬುರುಕಿ ಎನ್ನುತ್ತಾರೆ. ಅಣ್ಣ ಎತ್ತಿದರೆ ಯಾರೂ ಏನೂ ಅನ್ನಲಾರರು. ಮುಂದಿನ ಸಲ ಊರಿಗೆ ಹೋದಾಗ ನೀವೇ ಎತ್ತಿ ನೋಡಿ. ಏನಂತೀರಿ?