ಯಂತ್ರದ ಬುದ್ಧಿ ಹೊಲದ ಬದುವಿನಲ್ಲೇ ಇರಲಿ

ಗೋವಿನ ಜೋಳಕ್ಕೆ ಫಾಲ್ ಸೈನಿಕ ಹುಳು ಬಿದ್ದಾಗ ಬೇಸಾಯಗಾರನಿಗೆ ಕಾಯುವಷ್ಟು ವ್ಯವಧಾನವಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಹುಳು ಮೊದಲು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆಯ ಮೇಲೆ ತೆಳುವಾದ ಬಿಳಿ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಆ ಹಂತದಲ್ಲಿ ಗುರುತಿಸಿದರೆ ಹತೋಟಿ ಸುಲಭ. ದಿನ ಕಳೆದಂತೆ ಹುಳು ಬಲಿತು ಸುಳಿಯೊಳಗಿಳಿದು, ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂರುತ್ತದೆ; ಮೇಲಿನಿಂದ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಗಲುವುದು ಅಷ್ಟಕ್ಕಷ್ಟೆ. ನಮ್ಮ ದೇಶದಲ್ಲಿ ಈ ಹುಳು ಮೊಟ್ಟಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿ. ಆ ವರ್ಷ ನಮ್ಮ ಹೋಬಳಿಯಲ್ಲಿ ಅನೇಕರು ಇದನ್ನು ಹಳೆಯ ಕಾಂಡಕೊರಕವೆಂದೇ ಬಗೆದು ಹದಿನೈದು ದಿನ ಸುಮ್ಮನಿದ್ದರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ: ಈ ಗುರುತುಗಳನ್ನು ನಾವು ಊರೂರಿಗೆ ಹೋಗಿ ತೋರಿಸುವುದರೊಳಗೆ ಬಹಳಷ್ಟು ಸುಳಿಗಳು ಹರಿದುಹೋಗಿದ್ದವು.

ಇಂದು ಅದೇ ಕೆಲಸಕ್ಕೆ ಕೃತಕ ಬುದ್ಧಿಮತ್ತೆ ಬಂದಿದೆ. ಎಲೆಯ ಚಿತ್ರ ತೆಗೆದರೆ ರೋಗದ ಹೆಸರು ಹೇಳುವ ಆ್ಯಪ್‌ಗಳಿವೆ. ಮಣ್ಣಿನ ತೇವ ಅಳೆದು ಹನಿ ನೀರಾವರಿಯ ಗೇಟ್‌ವಾಲ್ವ್ ತೆರೆಯುವ ಪೆಟ್ಟಿಗೆಗಳಿವೆ. ಮಾರಾಟಗಾರರು ಹಳ್ಳಿಗಳಿಗೂ ಬರುತ್ತಿದ್ದಾರೆ. ಬೆಲೆ ಎಷ್ಟು, ಸಹಾಯಧನ ಉಂಟೇ ಎಂದು ರೈತರು ವಿಚಾರಿಸುತ್ತಾರೆ, ವಿಚಾರಿಸತಕ್ಕದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಯಂತ್ರ ಲೆಕ್ಕ ಹಾಕಿ ತೀರ್ಮಾನಿಸುವುದು ಎಲ್ಲಿ? ನಮ್ಮ ಹೊಲದಲ್ಲೋ, ಬೇರೆ ಯಾವುದೋ ಊರಿನ ಕಂಪ್ಯೂಟರಿನಲ್ಲೋ?

ಅನೇಕ ಸಾಧನಗಳಲ್ಲಿ ತೀರ್ಮಾನ ನಡೆಯುವುದು ದೂರದಲ್ಲಿ. ಹೊಲದಲ್ಲಿರುವುದು ಬರಿಯ ಕಣ್ಣು. ಅದು ಕಂಡದ್ದನ್ನು ಮೊಬೈಲ್ ಜಾಲದ ಮೂಲಕ ದೊಡ್ಡ ಕಂಪ್ಯೂಟರಿಗೆ ಕಳುಹಿಸುತ್ತದೆ, ಉತ್ತರ ಅಲ್ಲಿಂದ ಬರುತ್ತದೆ. ಇದಕ್ಕೆ 'ಕ್ಲೌಡ್' ಎನ್ನುತ್ತಾರೆ. ಕಣ್ಣಿನ ಪಕ್ಕದಲ್ಲೇ ಸಣ್ಣ ಕಂಪ್ಯೂಟರನ್ನಿಟ್ಟು ಅಲ್ಲಿಯೇ ತೀರ್ಮಾನ ಮಾಡಿಸುವುದು ಇನ್ನೊಂದು ವಿಧಾನ. ಇದಕ್ಕೆ 'ಎಡ್ಜ್' ಎಂದು ಹೆಸರು. ಎಡ್ಜ್ ಎಂದರೆ ಅಂಚು, ನಮ್ಮ ಮಾತಿನಲ್ಲಿ ಬದು. ಹೆಸರು ಹೊಸದಾದರೂ ಸಂಗತಿ ಹಳ್ಳಿಗೆ ಹೊಸದೇನಲ್ಲ. ಹಾಲಿನ ಡೇರಿಯನ್ನೇ ನೋಡಿ. ಪ್ರತಿಯೊಬ್ಬರ ಹಾಲನ್ನೂ ಬೇರೆ ಬೇರೆ ಕ್ಯಾನಿನಲ್ಲಿ ಪೇಟೆಗೆ ಸಾಗಿಸಿ ಅಲ್ಲಿ ಫ್ಯಾಟ್ ನೋಡಿಸುವುದಿಲ್ಲ. ಸಂಘದ ಮೇಜಿನ ಮೇಲೆಯೇ ಪರೀಕ್ಷೆಯಾಗಿ ಅಂಕಿ ಪುಸ್ತಕಕ್ಕೆ ಬೀಳುತ್ತದೆ; ಒಕ್ಕೂಟಕ್ಕೆ ಲೆಕ್ಕ ಹೋಗುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೂಡ ಹಾಗೆಯೇ. ಮೋಟಾರು ಹೆಚ್ಚು ಕರೆಂಟು ಎಳೆದರೆ ಓವರ್‌ಲೋಡ್ ರಿಲೇ ಯಾರನ್ನೂ ಕೇಳದೆ ಅಲ್ಲೇ ಕಡಿದುಹಾಕುತ್ತದೆ. ಕೇಳಿಕೊಂಡು ಬರುವುದರೊಳಗೆ ಕಾಯಿಲ್ ಸುಟ್ಟಿರುತ್ತದೆ.

ಈ ವಿಧಾನಕ್ಕೆ ಒಳ್ಳೆಯ ನಿದರ್ಶನ ಆಫ್ರಿಕಾದ್ದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ 'ಪ್ಲಾಂಟ್‌ವಿಲೇಜ್' ತಂಡವು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ಮೊದಲಾದವರೊಡನೆ ಸೇರಿ 'ನೂರು' ಎಂಬ ಆ್ಯಪನ್ನು ತಯಾರಿಸಿತು. ನಮ್ಮ ಕಿವಿಗೆ ಇದು ಲೆಕ್ಕದ ಮಾತಿನಂತೆ ಕೇಳಿದರೂ ಸ್ವಾಹಿಲಿ ಭಾಷೆಯಲ್ಲಿ ಬೆಳಕು ಎಂದರ್ಥ. ಮರಗೆಣಸಿನ ನಂಜುರೋಗಗಳನ್ನು ಗುರುತಿಸುವುದು ಇದರ ಮುಖ್ಯ ಕೆಲಸ. ಸೈನಿಕ ಹುಳುವಿನ ಹಾವಳಿಯನ್ನು ಗುರುತಿಸಲೂ ಕಲಿಸಿದ್ದಾರೆ. ವಿಶೇಷವೇನೆಂದರೆ, ಒಮ್ಮೆ ಫೋನಿಗೆ ಇಳಿಸಿಕೊಂಡ ಮೇಲೆ ಇದಕ್ಕೆ ಇಂಟರ್‌ನೆಟ್ ಬೇಡ. ಸಾಧಾರಣ ಆಂಡ್ರಾಯ್ಡ್ ಫೋನನ್ನು ಎಲೆಯ ಮುಂದೆ ಹಿಡಿದರೆ ಫೋನೇ ಉತ್ತರ ಹೇಳುತ್ತದೆ. ತಜ್ಞರು ಗುರುತು ಹಾಕಿಕೊಟ್ಟ ಸಾವಿರಾರು ಎಲೆಗಳ ಚಿತ್ರಗಳಿಂದ ದೊಡ್ಡ ಕಂಪ್ಯೂಟರಿನಲ್ಲಿ ಮೊದಲು ಪಾಠವಾಗುತ್ತದೆ. ಆ ಪಾಠದ ಸಾರವನ್ನು ಹಿಂಡಿ ಫೋನಿನಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡುತ್ತಾರೆ. ದನದ ಜಾತ್ರೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವವರು ತಾವು ಕಂಡ ಎತ್ತುಗಳನ್ನೆಲ್ಲ ಹಿಂದೆ ಕಟ್ಟಿಕೊಂಡು ಬರುವುದಿಲ್ಲವಷ್ಟೆ.

ಇದನ್ನು ಮರಗೆಣಸಿನ ಹೊಲಗಳಲ್ಲಿ ಪರೀಕ್ಷಿಸಿ ಪಡೆದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಆ್ಯಪ್ ಹೇಳಿದ್ದು ಶೇಕಡ 65ರಷ್ಟು ಸರಿ. ಅಲ್ಲಿಯ ರೈತರು ಹೇಳಿದ್ದು ಶೇಕಡ 18ರಿಂದ 31. ವಿಸ್ತರಣಾ ಅಧಿಕಾರಿಗಳದ್ದು ಶೇಕಡ 40ರಿಂದ 58. ಅದೇ ಕೆಲಸದಲ್ಲಿರುವ ನಮಗೆ ಈ ಕೊನೆಯ ಅಂಕಿ ಓದುವಾಗ ಸ್ವಲ್ಪ ಮುಜುಗರವಾದದ್ದು ನಿಜ. ಆದರೆ ರೈತರು ನೆನಪಿಡಬೇಕಾದ ಅಂಶ ಬೇರೊಂದಿದೆ. ಒಂದೇ ಎಲೆಯ ಬದಲು ಗಿಡವೊಂದರ ಆರು ಎಲೆಗಳನ್ನು ತೋರಿಸಿದಾಗ ಆ್ಯಪಿನ ನಿಖರತೆ ಶೇಕಡ 74ರಿಂದ 88ರಷ್ಟರ ಮಟ್ಟಕ್ಕೆ ಏರಿತು. ಯಾವ ಆ್ಯಪನ್ನೇ ಬಳಸಿ, ಒಂದು ಎಲೆ ತೋರಿಸಿ ಬಂದ ಉತ್ತರವನ್ನು ನಂಬಿ ಔಷಧಿ ಅಂಗಡಿಗೆ ಓಡುವುದು ತರವಲ್ಲ.

ಕೆಲವು ಕೆಲಸಗಳಲ್ಲಂತೂ ದೂರದಿಂದ ಉತ್ತರ ತರಿಸಲು ಸಾಧ್ಯವೇ ಇಲ್ಲ. ಅಮೆರಿಕದಲ್ಲಿ ಜಾನ್ ಡಿಯರ್ ಕಂಪನಿಯು 2022ರಲ್ಲಿ ಹೊರತಂದ ಸಿಂಪರಣಾ ಯಂತ್ರಕ್ಕೆ 36 ಕ್ಯಾಮೆರಾಗಳಿವೆ. ಅದು ಕಳೆಯನ್ನು ಕಂಡಲ್ಲಿ ಮಾತ್ರ ಔಷಧಿ ಸಿಡಿಸುತ್ತದೆ. ಗಂಟೆಗೆ 19 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರಿಗೂ ಹೆಚ್ಚು. ಅರ್ಧ ಸೆಕೆಂಡು ತಡವಾದರೂ ಯಂತ್ರ ಕಳೆಯನ್ನು ದಾಟಿಹೋಗಿರುತ್ತದೆ. ಆದುದರಿಂದ ಲೆಕ್ಕವೆಲ್ಲ ಯಂತ್ರದ ಮೇಲೆಯೇ ಆಗುತ್ತದೆ. ಮಧ್ಯಪ್ರದೇಶದ ಕಾನ್ಹಾ-ಪೆಂಚ್ ಅರಣ್ಯ ಪ್ರದೇಶದಲ್ಲಿ 2022ರಲ್ಲಿ ಪ್ರಯೋಗಿಸಿದ 'ಟ್ರೈಲ್‌ಗಾರ್ಡ್' ಕ್ಯಾಮೆರಾದಲ್ಲಿ ಕಾರಣ ಬೇರೆ. ಗಾಳಿಗೆ ಹುಲ್ಲು ಅಲ್ಲಾಡಿದ ಚಿತ್ರವನ್ನೂ ಕಳುಹಿಸುತ್ತ ಹೋದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಕಂಡದ್ದು ಹುಲಿಯೇ ಅಲ್ಲವೇ ಎಂದು ಕ್ಯಾಮೆರಾ ತಾನೇ ನೋಡಿ, ಬೇಕಾದ ಚಿತ್ರವನ್ನಷ್ಟೇ ಅರಣ್ಯ ಸಿಬ್ಬಂದಿಗೆ ಕಳುಹಿಸುತ್ತದೆ. ಆನೆಗಳ ಕಾಟದಲ್ಲಿ ಬೇಯುತ್ತಿರುವ ಸಕಲೇಶಪುರ, ಕೊಡಗಿನ ಬೆಳೆಗಾರರಿಗೆ ಇಂಥ ಕ್ಯಾಮೆರಾದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಹೋಬಳಿಯ ದಾಳಿಂಬೆ ಬೆಳೆಗಾರರೊಬ್ಬರ ವಿಚಾರ. ತೇವಾಂಶ ನೋಡಿ ನೀರು ಬಿಡುವ ಯಂತ್ರವನ್ನು ಸಾಲ ಮಾಡಿ ತಂದರು. ಯಂತ್ರದ ಬೆಲೆಯ ಜೊತೆಗೆ ವರ್ಷ ವರ್ಷವೂ ಶುಲ್ಕ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾರಿದವರು ವ್ಯವಹಾರ ಮುಚ್ಚಿದರು. ತೋಟದಲ್ಲಿದ್ದ ಕಂಬ, ಸೌರ ಹಲಗೆ, ತೇವಮಾಪಕ ಎಲ್ಲವೂ ಸುಸ್ಥಿತಿಯಲ್ಲಿದ್ದವು. ಆದರೆ ನೀರು ಬಿಡಬೇಕೇ ಬೇಡವೇ ಎಂದು ಹೇಳುವ ಲೆಕ್ಕ ನಡೆಯುತ್ತಿದ್ದುದು ಅವರ ಕಂಪ್ಯೂಟರಿನಲ್ಲಿ. ಎರಡು ವರ್ಷದ ನೀರಿನ ಲೆಕ್ಕವೂ ಅಲ್ಲಿಯೇ ಉಳಿಯಿತು, ಕೈಗೆ ಸಿಗಲಿಲ್ಲ. ಆ ಕಂಬ ಈಗಲೂ ನಿಂತಿದೆ, ಕಾಗೆ ಕೂರಲು. ಅವರು ಪುನಃ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾರೆ. ಕಂತು ಮಾತ್ರ ಕಟ್ಟುತ್ತಲೇ ಇದ್ದಾರೆ.

ಹಾಗೆಂದು ದೊಡ್ಡ ಕಂಪ್ಯೂಟರುಗಳೇ ಬೇಡವೆಂದಲ್ಲ. ಮಳೆಯ ಮುನ್ಸೂಚನೆ ಬದುವಿನ ಮೇಲೆ ಆಗುವ ಕೆಲಸವಲ್ಲ. ಯಾವ ತಾಲ್ಲೂಕಿನಿಂದ ಯಾವ ತಾಲ್ಲೂಕಿಗೆ ಕೀಟ ಹರಡುತ್ತಿದೆಯೆಂದು ತಿಳಿಯಲು ಎಲ್ಲರ ಹೊಲದ ಸುದ್ದಿ ಒಂದೆಡೆ ಸೇರಲೇಬೇಕು. ಆದರೂ ಅಲ್ಲಿಗೆ ಹೋಗಬೇಕಾದದ್ದು 'ಇಂದು ಬಲೆಗೆ ಎಂಟು ಪತಂಗ' ಎಂಬ ಅಂಕಿ. ಅದಕ್ಕೆ ದುರ್ಬಲ ಸಿಗ್ನಲ್ ಸಾಕು, ಸಿಗ್ನಲ್ ಬರುವವರೆಗೆ ಕಾದರೂ ನಷ್ಟವಿಲ್ಲ. ಚಿತ್ರಗಳನ್ನೇ ಸಾಗಿಸುವುದಾದರೆ ಮಲೆನಾಡಿನ ಅಡಕೆ ತೋಟದವರು ಗುಡ್ಡ ಹತ್ತಬೇಕಾಗುತ್ತದೆ.

ಹೊಲದಲ್ಲಿರುವ ಯಂತ್ರಕ್ಕೂ ದೋಷಗಳುಂಟು. ಬಿಸಿಲು, ದೂಳು, ಇಲಿಗಳ ಹಾವಳಿಯನ್ನು ಅದು ತಡೆಯಬೇಕು. ಕಲಿತದ್ದಷ್ಟೇ ಅದಕ್ಕೆ ಗೊತ್ತು. ಹೊಸ ಕೀಟ ಬಂದರೆ ಹೊಸ ಪಾಠ ತುಂಬಿಸಬೇಕು. ಅಮೆರಿಕದ ಏಕಬೆಳೆಯ ಹೊಲದಲ್ಲಿ ಕಲಿತ ಯಂತ್ರವನ್ನು ನಮ್ಮ ರಾಗಿ ಹೊಲಕ್ಕೆ ಬಿಟ್ಟರೆ ಅಕ್ಕಡಿ ಸಾಲಿನ ಅವರೆಯನ್ನೂ ಕಳೆಯೆಂದೇ ತಿಳಿಯಬಹುದು. ಆದಕಾರಣ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ನಮ್ಮದೇ ತಳಿಗಳ, ನಮ್ಮದೇ ಮಿಶ್ರ ಬೆಳೆಯ ಚಿತ್ರಗಳನ್ನು ಎಲ್ಲ ಹಂಗಾಮುಗಳಲ್ಲೂ ಸಂಗ್ರಹಿಸಿ ಯಂತ್ರಗಳಿಗೆ ಪಾಠ ಮಾಡಿಸಬೇಕು. ಆ ಪಾಠ ಸಾಮಾನ್ಯ ಫೋನಿನಲ್ಲಿ ಹಿಡಿಯುವಂತಿರಬೇಕು, ಕನ್ನಡದಲ್ಲಿ ಮಾತನಾಡಬೇಕು. ಸಹಾಯಧನ ಕೊಡುವ ಇಲಾಖೆಗಳು ಕೂಡ, ಜಾಲ ಕಡಿದಾಗ ಕೈಕೊಡುವ ಯಂತ್ರಗಳಿಗೆ ಹಣ ಕೊಡುವ ಮುನ್ನ ಎರಡು ಸಲ ಯೋಚಿಸುವುದು ಲೇಸು.

ಧಾರವಾಡದಲ್ಲಾಗಲಿ ಜಿಕೆವಿಕೆಯಲ್ಲಾಗಲಿ ಕೃಷಿ ಮೇಳಕ್ಕೆ ಹೋದಾಗ ಮಳಿಗೆಯವರಿಗೆ ಒಂದು ಮಾತು ಹೇಳಿ: ಇಂಟರ್‌ನೆಟ್ ಆರಿಸಿ, ಆಮೇಲೆ ಯಂತ್ರ ನಡೆಸಿ ತೋರಿಸಿ. ನಿಮ್ಮ ಕಂಪನಿ ಮುಚ್ಚಿದರೆ ಇದು ಕೆಲಸ ಮಾಡುತ್ತದೆಯೇ, ನಮ್ಮ ಹೊಲದ ಲೆಕ್ಕ ನಮ್ಮ ಕೈಗೆ ಬರುತ್ತದೆಯೇ ಎಂದು ಕೇಳಿ, ಉತ್ತರವನ್ನು ರಸೀತಿಯ ಹಿಂದೆ ಬರೆಸಿಕೊಂಡು ರುಜು ಹಾಕಿಸಿ.