ಹಳದಿ ಗೆರೆ, ಹಸಿರು ಗೆರೆ

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದಾಗ ನೀಲಿ ಉರಿ ತಟ್ಟನೆ ಹಳದಿಗೆ ತಿರುಗುತ್ತದೆ. ಒರೆಸುವ ಬಟ್ಟೆ ಹುಡುಕುವ ಗಡಿಬಿಡಿಯಲ್ಲಿ ಅದನ್ನು ಯಾರೂ ನಿಂತು ನೋಡುವುದಿಲ್ಲ. ಮುಂದಿನ ಸಲ ಒಂದು ಕ್ಷಣ ನೋಡಿ. ಆ ಹಳದಿ ಬರುವುದು ಸಾರಿಗೆ ಹಾಕಿದ ಉಪ್ಪಿನಿಂದ. ಉಪ್ಪಿನೊಳಗಿನ ಸೋಡಿಯಂ ಕಾದಾಗ ತನ್ನದೇ ಬಣ್ಣದ ಬೆಳಕು ಬಿಡುತ್ತದೆ. ಆ ಬೆಳಕನ್ನು ಪ್ರಿಸಂ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳೆಲ್ಲ ಮೂಡುವುದಿಲ್ಲ. ಒಂದಕ್ಕೊಂದು ಅಂಟಿಕೊಂಡಂತೆ ಎರಡು ಹಳದಿ ಗೆರೆಗಳು ಎದ್ದು ಕಾಣುತ್ತವೆ.

ಕಬ್ಬಿಣಕ್ಕೆ ಬೇರೆ ಗೆರೆಗಳು, ಹೈಡ್ರೋಜನ್‌ಗೆ ಬೇರೆ, ಕ್ಯಾಲ್ಸಿಯಂಗೆ ಬೇರೆ. ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಚಾಫ್ ಮತ್ತು ಬನ್ಸೆನ್ 1859–60ರಲ್ಲಿ ಇದನ್ನು ಖಚಿತಪಡಿಸಿದರು. ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ, ನಕ್ಷತ್ರಗಳು ಯಾವ ವಸ್ತುವಿನಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದೂ ತಿಳಿಯಲಾರದು ಎಂದಿದ್ದ. ಅದು ಉಡಾಫೆಯ ಮಾತಾಗಿರಲಿಲ್ಲ. ಅಷ್ಟು ದೂರದಿಂದ ಚೂರು ತಂದು ಪರೀಕ್ಷೆ ಮಾಡುವವರು ಯಾರು? ಆ ಸುದ್ದಿಯನ್ನು ಬೆಳಕೇ ಹೊತ್ತು ತರುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಅವನು ತೀರಿಕೊಂಡು ಎರಡು ವರ್ಷವಾಗಿತ್ತು.

ತಿಳಿದಷ್ಟೂ ಜಗತ್ತು ತಿಳಿಯಾಗುತ್ತದೆಯೇ, ಇನ್ನಷ್ಟು ನಿಗೂಢವಾಗುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಗಾಳಿಯಲ್ಲಿಟ್ಟು ಚರ್ಚಿಸುತ್ತೇವೆ. ವಿಜ್ಞಾನ ಎಲ್ಲವನ್ನೂ ಬಿಡಿಸಿ ಹೇಳಿ ಬೆರಗನ್ನು ಕೊಂದಿತು ಎನ್ನುವವರಿದ್ದಾರೆ. ಎಷ್ಟು ತಿಳಿದರೂ ಕೊನೆಗೆ ಏನೂ ತಿಳಿಯುವುದಿಲ್ಲ ಎಂದು ಕೈಚೆಲ್ಲುವವರೂ ಇದ್ದಾರೆ. ಎರಡೂ ಅವಸರದ ತೀರ್ಪು ಎಂದು ನನಗೆ ಅನ್ನಿಸುತ್ತದೆ. ನೆಲದ ಮೇಲಿನ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಂಬಾಲಿಸಿ ನೋಡೋಣ. ಅದರ ಒಂದು ತುದಿ ನಮ್ಮ ಜಮಖಂಡಿಯಲ್ಲಿದೆ.

1868ರ ಆಗಸ್ಟ್ 18ರ ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಕೊಂಕಣ ಕರಾವಳಿಯಿಂದ ಗುಂಟೂರಿನ ಕಡೆಗೆ ದಖ್ಖನನ್ನು ಅಡ್ಡಲಾಗಿ ಹಾದುಹೋಯಿತು. ಆಗ ಸಂಸ್ಥಾನವಾಗಿದ್ದ, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಪ್ರಿಸಂ ಅಳವಡಿಸಿದ ದೂರದರ್ಶಕ ಹೂಡಿ ಕಾದಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ ಅವರು. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಿಂದ ಕೆಂಪು ನಾಲಿಗೆಗಳು ಚಾಚಿಕೊಂಡಂತೆ ಕಾಣುತ್ತಿದ್ದವು. ಅವು ಏನು ಎಂಬುದು ಇತ್ಯರ್ಥವಾಗಿರಲಿಲ್ಲ. ಪೂರ್ಣ ಕತ್ತಲು ಕವಿದದ್ದು ಕೆಲವೇ ನಿಮಿಷ, ಅದರಲ್ಲೂ ಮಳೆಗಾಲದ ಮೋಡ ಅಡ್ಡ. ಮೋಡ ಸರಿದ ಸಂದಿನಲ್ಲಿ ಅವರಿಗೆ ಮೂರು ಹೊಳೆಯುವ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಹೊಳೆಯುವ ಬಿಡಿ ಗೆರೆಗಳೆಂದರೆ ಕಾದ ಅನಿಲ. ಕೆಂಪು ನಾಲಿಗೆಗಳ ಗುಟ್ಟು ಅಲ್ಲಿಗೆ ಬಯಲಾಯಿತು.

ಕಿತ್ತಳೆಯಂತೆ ಕಂಡ ನಡುವಿನ ಗೆರೆಯನ್ನು ಹರ್ಷೆಲ್ ಸೋಡಿಯಂನದೆಂದೇ ಬಗೆದರು. ಅವರ ಉಪಕರಣಕ್ಕೆ ಎಟುಕಿದ್ದು ಅಷ್ಟು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರಾನ್ಸಿನ ಜಾನ್ಸೆನ್, ಈ ಗೆರೆಗಳನ್ನು ಗ್ರಹಣವಿಲ್ಲದಾಗಲೂ ಹಿಡಿಯಬಹುದು ಎಂದು ಮರುದಿನವೇ ತೋರಿಸಿದರು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಾಕ್ಯರ್ ಸ್ವತಂತ್ರವಾಗಿ ಅದನ್ನೇ ಮಾಡಿ, ಹಳದಿ ಗೆರೆ ಸೋಡಿಯಂನ ಜಾಗದಲ್ಲಿ ಕೂರುತ್ತಿಲ್ಲ ಎಂದು ಗುರುತಿಸಿದರು. ಸೋಡಿಯಂನ ಎರಡು ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್‌ನಲ್ಲಿವೆ; ಇದು 587.6ರಲ್ಲಿ. ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬಿ ಭೂಮಿಯ ಮೇಲೆ ಯಾರೂ ಕಾಣದ ಧಾತುವೊಂದು ಸೂರ್ಯನಲ್ಲಿದೆ ಎನ್ನುವುದಕ್ಕೆ ಎದೆ ಬೇಕು. ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ಒಪ್ಪದವರು ಬಹಳ ಮಂದಿ ಇದ್ದರು. 27 ವರ್ಷಗಳ ಬಳಿಕ, 1895ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಇರುವ ಕಲ್ಲೊಂದನ್ನು ಆಮ್ಲದಲ್ಲಿ ಕರಗಿಸಿದಾಗ ಹೊರಬಂದ ಅನಿಲದಲ್ಲಿ ಅದೇ ಗೆರೆ ಮಿಂಚಿತು. ಇಂದು ಜಾತ್ರೆಯ ಬಲೂನಿಗೆ ತುಂಬುವುದೂ, ಆಸ್ಪತ್ರೆಯ ಎಂಆರ್‌ಐ ಯಂತ್ರವನ್ನು ತಂಪಾಗಿಡುವುದೂ ಅದೇ ಹೀಲಿಯಂ.

ಕಥೆ ಇಲ್ಲಿಗೇ ಮುಗಿದಿದ್ದರೆ, ಅರಿವು ಎಂದರೆ ದೀಪ ಹಚ್ಚಿದ ಹಾಗೆ ಎಂದು ಹೇಳಿ ಸುಮ್ಮನಾಗಬಹುದಿತ್ತು.

ಮರುವರ್ಷ, 1869ರ ಆಗಸ್ಟ್ 7ರಂದು, ಅಮೆರಿಕದಲ್ಲಿ ಇನ್ನೊಂದು ಖಗ್ರಾಸ ಗ್ರಹಣವಾಯಿತು. ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಅವರಿಗೆ ಸೂರ್ಯನ ಸುತ್ತ ಮುತ್ತಿನ ಬಣ್ಣದಲ್ಲಿ ಹರಡಿಕೊಳ್ಳುವ ಪ್ರಭೆಯಲ್ಲಿ, ಅಂದರೆ ಕರೋನಾದಲ್ಲಿ, ಹಸಿರು ಗೆರೆಯೊಂದು ಕಂಡಿತು. ಅದೂ ಗೊತ್ತಿರುವ ಯಾವ ಧಾತುವಿಗೂ ಹೊಂದಲಿಲ್ಲ. ಹೀಲಿಯಂನ ದಾರಿ ಕಣ್ಣ ಮುಂದೆಯೇ ಇತ್ತು. ಇದು ಇನ್ನೊಂದು ಹೊಸ ಧಾತು ಎಂದು ಭಾವಿಸಿ ಕರೋನಿಯಂ ಎಂದು ಹೆಸರಿಟ್ಟರು. ಆದರೆ ಧಾತುಗಳ ಆವರ್ತಕ ಕೋಷ್ಟಕ ತುಂಬುತ್ತ ಬಂದಂತೆ ಕರೋನಿಯಂಗೆ ಕೂರಲು ಖಾಲಿ ಮನೆಯೇ ಉಳಿಯಲಿಲ್ಲ. ಸುಮಾರು 70 ವರ್ಷಗಳ ಬಳಿಕ ಜರ್ಮನಿಯ ಗ್ರೋಟ್ರಿಯನ್ ಮತ್ತು ಸ್ವೀಡನ್ನಿನ ಎಡ್ಲೆನ್ ಆ ಗೆರೆಯ ಒಡೆಯನನ್ನು ಪತ್ತೆಮಾಡಿದರು. ಅದು ನಮ್ಮ ಹಾರೆ ಗುದ್ದಲಿಯ ಕಬ್ಬಿಣ. ಆದರೆ ತನ್ನ 26 ಇಲೆಕ್ಟ್ರಾನುಗಳಲ್ಲಿ ಸರಿಯಾಗಿ ಅರ್ಧ, 13ನ್ನು ಕಳೆದುಕೊಂಡ ಕಬ್ಬಿಣ.

ನನಗೆ ಈ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸುವ ಜಾಗ ಇದು. ಉತ್ತರ ಸಿಕ್ಕಿತು, ಅದೂ ತೀರಾ ಪರಿಚಿತ ವಸ್ತುವಿನ ರೂಪದಲ್ಲಿ. ಆದರೆ ಕಬ್ಬಿಣದಿಂದ ಅಷ್ಟು ಇಲೆಕ್ಟ್ರಾನುಗಳು ಕಿತ್ತುಹೋಗಬೇಕಾದರೆ ಕರೋನಾದ ತಾಪ ಹತ್ತಾರು ಲಕ್ಷ ಡಿಗ್ರಿ ಇರಬೇಕು. ಅದರ ಕೆಳಗೇ ಇರುವ ಸೂರ್ಯನ ಮೇಲ್ಮೈಯ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್! ಬಚ್ಚಲುಮನೆಯ ಹಂಡೆ ಒಲೆಯ ಮುಂದೆ ಮೈ ಕಾಯಿಸಿಕೊಂಡವರಿಗೆಲ್ಲ ಗೊತ್ತು, ಹಿಂದೆ ಸರಿದಷ್ಟೂ ಬಿಸಿ ಕಡಿಮೆ. ಸೂರ್ಯನಲ್ಲಿ ಹಿಂದೆ ಸರಿದವನ ಮೈ ಸುಡುತ್ತಿದೆ. ಕಾರಣ ಸೂರ್ಯನ ಕಾಂತಕ್ಷೇತ್ರದಲ್ಲಿದೆ ಎಂಬಷ್ಟನ್ನು ವಿಜ್ಞಾನಿಗಳು ಒಪ್ಪುತ್ತಾರೆ. ಆ ಕ್ಷೇತ್ರದುದ್ದಕ್ಕೂ ಏರುವ ಅಲೆಗಳು ಶಕ್ತಿಯನ್ನು ಮೇಲಕ್ಕೆ ಒಯ್ದು ಸುರಿಯುತ್ತವೆಯೇ, ತಿರುಚಿಕೊಂಡ ಕಾಂತರೇಖೆಗಳು ಲೆಕ್ಕವಿಲ್ಲದಷ್ಟು ಕಡೆ ಕಡಿದು ಕೂಡಿ ಕಿರುಸ್ಫೋಟಗಳಾಗುತ್ತವೆಯೇ, ಯಾವುದರ ಪಾಲು ಎಷ್ಟು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕರೋನಾ ಅಷ್ಟೊಂದು ಬಿಸಿ ಏಕೆ ಎಂಬ ಪ್ರಶ್ನೆಯನ್ನು ಜಮಖಂಡಿಯಲ್ಲಿ ಹರ್ಷೆಲ್ ಕೇಳಲು ಸಾಧ್ಯವೇ ಇರಲಿಲ್ಲ. ಹಾಗೆ ಕೇಳಬೇಕಾದರೆ ಗೆರೆಗಳ ಭಾಷೆ ಬರಬೇಕು, ಪರಮಾಣುವಿನೊಳಗೆ ಇಲೆಕ್ಟ್ರಾನುಗಳಿವೆ ಎಂದು ಗೊತ್ತಿರಬೇಕು, ಕಬ್ಬಿಣದ ಲೆಕ್ಕ ಮಾಡಿರಬೇಕು. ಅಂದರೆ ಈ ನಿಗೂಢವನ್ನು ನಮಗೆ ತಂದುಕೊಟ್ಟದ್ದು ಅರಿವೇ. ನಾವು 'ಗೊತ್ತಿಲ್ಲ' ಎಂಬ ಒಂದೇ ಪದವನ್ನು ಎರಡು ಬೇರೆ ಸ್ಥಿತಿಗಳಿಗೆ ಬಳಸುತ್ತೇವೆ. ಒಂದು, ಮಂಜು ಕವಿದ ಬೆಳಿಗ್ಗೆ ಎದುರಿಗೆ ಮರವಿದೆಯೋ ಮನೆಯಿದೆಯೋ ತಿಳಿಯದ ಸ್ಥಿತಿ. ಇನ್ನೊಂದು, ಹಗ್ಗದ ಗಂಟನ್ನು ಬೆಳಕಿಗೆ ಹಿಡಿದು, ಯಾವ ಎಳೆ ಯಾವುದರಡಿ ನುಸುಳಿದೆ ಎಂದು ಬೆರಳಿನಿಂದ ತಡಕುತ್ತಿರುವ ಸ್ಥಿತಿ. 1869ರ ಹಸಿರು ಗೆರೆ ಮಂಜು. ಇಂದಿನ ಕರೋನಾದ ಪ್ರಶ್ನೆ ಗಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ನಿಗೂಢ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಿಜ್ಞಾನಿಗಳಿಗೇ ಗೊತ್ತಿಲ್ಲವಂತೆ, ಹಾಗಾದರೆ ಯಾರು ಏನು ಹೇಳಿದರೂ ಒಂದೇ ಎಂದು ವಾದಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಕರೋನಾ ಏಕೆ ಬಿಸಿ ಎಂಬುದು ತೀರ್ಮಾನವಾಗದಿದ್ದರೂ ಹಸಿರು ಗೆರೆ ಕಬ್ಬಿಣದ್ದು ಎಂಬ ತೀರ್ಮಾನ ಅಲುಗುವುದಿಲ್ಲ. ಗಂಟು ಉಳಿದಿದೆ ಎಂಬ ಕಾರಣಕ್ಕೆ ಹಗ್ಗವೇ ಇಲ್ಲ ಎನ್ನಲಾಗದು.

ಹಳದಿ ಗೆರೆಯೂ ಸುಮ್ಮನೆ ಕೂರಲಿಲ್ಲ. ಸೂರ್ಯನ ಒಡಲಲ್ಲಿ ಹೈಡ್ರೋಜನ್ ಹೀಲಿಯಂ ಆಗುವಾಗ ಕಳೆದುಹೋಗುವ ಚೂರು ತೂಕವೇ ಬಿಸಿಲಾಗುತ್ತದೆ ಎಂದು ಎಡಿಂಗ್ಟನ್ 1920ರಲ್ಲಿ ಸೂಚಿಸಿದರು. ಹಾಗಿದ್ದರೆ ನ್ಯೂಟ್ರಿನೊ ಎಂಬ ಕಣಗಳು ಹೊರಬರಬೇಕು. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ ಹಾದುಹೋಗುತ್ತವೆ, ಹೆಚ್ಚುಕಡಿಮೆ ಯಾವುದನ್ನೂ ಮುಟ್ಟದೆ. ಅಮೆರಿಕದ ಚಿನ್ನದ ಗಣಿಯೊಂದರ ಆಳದಲ್ಲಿ ರೇಮಂಡ್ ಡೇವಿಸ್ 1960ರ ದಶಕದ ಕೊನೆಯಿಂದ ಎಣಿಸುತ್ತ ಹೋದಾಗ ಸಿಕ್ಕಿದ್ದು ಲೆಕ್ಕದ ಮೂರನೇ ಒಂದು ಪಾಲು. ಲೆಕ್ಕ ತಪ್ಪಿರಲಿಲ್ಲ, ಎಣಿಕೆಯೂ ತಪ್ಪಿರಲಿಲ್ಲ. ದಾರಿಯಲ್ಲಿ ಕಣಗಳೇ ವೇಷ ಬದಲಿಸುತ್ತಿದ್ದವು ಎಂದು ಕೆನಡಾದ ಸಡ್‌ಬರಿ ಗಣಿಯ ಪ್ರಯೋಗ 2001–02ರಲ್ಲಿ ತೋರಿಸಿತು. ವೇಷ ಬದಲಿಸಬೇಕಾದರೆ ಅವುಗಳಿಗೆ ತೂಕವಿರಬೇಕು. ಎಷ್ಟು ತೂಕ ಎಂಬುದು ಇಂದಿನ ಗಂಟು. ಈ ಕಣಗಳ ಬೇಟೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ (ಕೆಜಿಎಫ್) ಪಾಲಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದವರಲ್ಲಿ, 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಕಾದು ಕೂತ ತಂಡವೂ ಒಂದು. ಎಂ.ಜಿ.ಕೆ. ಮೆನನ್ ಅದರ ಮುಂದಾಳುಗಳಲ್ಲಿ ಒಬ್ಬರು.

ಕೋಲಾರದಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಹೊಸಕೋಟೆ ಸಿಗುತ್ತದೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿರುವ ಪ್ರಯೋಗಾಲಯಕ್ಕೆ ಮೆನನ್ ಅವರದೇ ಹೆಸರು. ಸೂರ್ಯನನ್ನು ಅಧ್ಯಯನ ಮಾಡಲು ಭಾರತ ಕಳಿಸಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ಜೋಡಿಸಿದ್ದು ಅಲ್ಲೇ. 2023ರ ಸೆಪ್ಟೆಂಬರ್ 2ರಂದು ಹಾರಿದ ನೌಕೆ ಈಗ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಆ ಉಪಕರಣ ಸೂರ್ಯನ ಬಿಂಬವನ್ನು ಒಳಗೇ ಮರೆಮಾಡಿ, ಮೋಡದ ಹಂಗಿಲ್ಲದ ಗ್ರಹಣವೊಂದನ್ನು ತಾನೇ ಉಂಟುಮಾಡಿಕೊಂಡು ಕರೋನಾವನ್ನು ನೋಡುತ್ತದೆ. ಅದು ಹಿಡಿಯಲೆಂದೇ ಆರಿಸಿದ ಗೆರೆಗಳಲ್ಲಿ ಒಂದು 530.3 ನ್ಯಾನೊಮೀಟರಿನದು. ಅರ್ಧ ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ, 1869ರ ಅದೇ ಹಸಿರು ಗೆರೆ.