ಫಿನ್‌ಗೆ ಅಳತೆ ಪಾದದ್ದಲ್ಲ, ಬೂಟಿನದು

ಡೈವಿಂಗ್‌ಗೆ ನೀರು ಒಳಬರದ ಡ್ರೈಸೂಟ್ ತೊಟ್ಟರೂ ಹಳೆಯ ಫಿನ್‌ಗಳೇ ಸಾಕು, ಹಗುರವಿದ್ದಷ್ಟೂ ಒಳ್ಳೆಯದು ಎಂಬ ಇತ್ತೀಚಿನ ಲೇಖನದ ಸಲಹೆ ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಬೆಚ್ಚನೆಯ ನೀರಿನ ಅನುಭವಕ್ಕೆ ಒಪ್ಪೀತು. ಅಲ್ಲಿ ಡ್ರೈಸೂಟೇ ಬೇಕಿಲ್ಲ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿಗೆ ಇಳಿಯುವವರಿಗೆ ಈ ಮಾತು ಅಪಾಯಕಾರಿ.

ಸಿಲ್ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ದಪ್ಪ ಉಣ್ಣೆಯ ಕಾಲುಚೀಲ, ಅದರ ಮೇಲೆ ಸೂಟಿನ ಬೂಟು ಬಂದಾಗ ಪಾದ ಒಂದೆರಡು ಅಳತೆ ದೊಡ್ಡದಾಗಿರುತ್ತದೆ. ಅದನ್ನು ಹಳೆಯ ಫಿನ್‌ಗೆ ತುರುಕಿದರೆ ಉಣ್ಣೆಯೊಳಗಿನ ಗಾಳಿಯ ಪದರ ಚಪ್ಪಟೆಯಾಗುತ್ತದೆ, ರಕ್ತಸಂಚಾರವೂ ಕುಗ್ಗುತ್ತದೆ. ಬೆರಳುಗಳು ಮರಗಟ್ಟಲು ಇನ್ನೇನು ಬೇಕು?

ಹಾಗೆಂದು ಬೂಟು ಸಡಿಲವಾಗಿರಲೂಬಾರದು. ಲೇಖಕರು ಇದನ್ನು ಮುಟ್ಟಿಯೇ ಇಲ್ಲ. ಸೂಟಿನೊಳಗಿನ ಗಾಳಿ ಸದಾ ಎತ್ತರದ ಕಡೆಗೆ ಓಡುತ್ತದೆ. ಡೈವರ್ ತಲೆಕೆಳಗಾದರೆ ಅದು ಪಾದಕ್ಕೆ ನುಗ್ಗಿ, ಬೂಟು ಉಬ್ಬಿ, ಕಾಲು ಒಳಗೇ ಜಾರುತ್ತದೆ, ಫಿನ್ ಕಳಚಿಕೊಳ್ಳುತ್ತದೆ. ಗಾಳಿ ಬಿಡುವ ಕವಾಟ ಸಾಮಾನ್ಯವಾಗಿ ಎಡತೋಳಿನ ಮೇಲಿರುತ್ತದೆ. ಆ ಹೊತ್ತಿನಲ್ಲಿ ಅದು ಪಾದಕ್ಕಿಂತ ಕೆಳಗೆ! ಕಾಲು ಮೇಲಾಗಿ, ತಡೆಯಿಲ್ಲದೆ ಮೇಲಕ್ಕೇರುವ ಈ ಸ್ಥಿತಿಯಿಂದ ಹೊರಬರುವುದನ್ನು ಡ್ರೈಸೂಟ್ ತರಬೇತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ.

ಇನ್ನು ಫಿನ್ ಹಗುರವಿರಬೇಕೆಂಬ ಮಾತು. ಸ್ಕೂಬಾಪ್ರೋದ ಜೆಟ್ ಫಿನ್ 1960ರ ದಶಕದ ವಿನ್ಯಾಸ. ಅದರ ರಬ್ಬರಿನ ಭಾರ ತೇಲಲು ಹವಣಿಸುವ ಕಾಲನ್ನು ಕೆಳಗೆ ಹಿಡಿದಿಡುತ್ತದೆ. ಹಿಮ್ಮಡಿಗೆ ಸ್ಪ್ರಿಂಗ್ ಪಟ್ಟಿಯಿದ್ದರೆ ದಪ್ಪ ಕೈಗವಸು ತೊಟ್ಟೇ ಎಳೆದು ಹಾಕಬಹುದು. ಕಾಲು ತಾನಾಗಿ ಮುಳುಗುವವರಿಗಷ್ಟೇ ಲೇಖಕರ ಹಗುರ ಫಿನ್ ಸರಿ. ಯಾವುದನ್ನೇ ಕೊಳ್ಳಲಿ, ಅಂಗಡಿಗೆ ಬೂಟು, ಉಣ್ಣೆಯ ಕಾಲುಚೀಲ ಎರಡನ್ನೂ ಒಯ್ದು, ಹಾಕಿಕೊಂಡೇ ನೋಡಬೇಕು.